ಗೋಡೆಯ ಬಿಸಿ

ನನ್ನ ಹೊಟ್ಟೆಕಿಚ್ಚಿಗೆ ಈಗ ಹತ್ತೊಂಬತ್ತು ವರ್ಷ. ನನ್ನ ಮಗಳಿಗಿಂತ ಆರು ವರ್ಷ ಚಿಕ್ಕದು. ಅದು ಹುಟ್ಟಿದ ಗಳಿಗೆ ನನಗೆ ಚೆನ್ನಾಗಿ ನೆನಪಿದೆ. ನನ್ನ ಓರಗಿತ್ತಿ ದಾಕ್ಷಾಯಿಣಿ ಹೊಸ ಮದುವಣಗಿತ್ತಿಯಾಗಿ ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಕಾಲಿನಿಂದ ತಳ್ಳಿ ಒಳಗೆ ಬಂದಳು, ನಡುಮನೆಯ ಅಗ್ಗಿಷ್ಟಿಕೆಯ ಮುಂದೆ ಮಣೆಯ ಮೇಲೆ ಕೂತಳು, ಕೈಗೆ ಕೊಟ್ಟ ಹಾಲು ಕುಡಿದಳು. ಲೋಟ ಕೆಳಗಿಡುವಷ್ಟರಲ್ಲಿ ಅವಳ ಕೆನ್ನೆ ಕೆಂಪಾಗಿತ್ತು. ನೆಂಟರೆಲ್ಲ "ಒಲೀತು, ಒಲೀತು" ಎಂದು ಗುಜುಗುಜು ಎಬ್ಬಿಸಿದರು. ನಾನು ಅಡುಗೆಮನೆಗೆ ಹೋಗಿ ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ನಮ್ಮ ಊರಿನಲ್ಲಿ ವರ್ಷಕ್ಕೆ ಎಂಟು ತಿಂಗಳು ಚಳಿ. ಅಡುಗೆಯ ಒಲೆ ಇಲ್ಲಿಯೂ ಎಲ್ಲ ಕಡೆಯ ಹಾಗೆ ಅನ್ನ ಬೇಯಿಸುತ್ತದೆ, ನೀರು ಕಾಯಿಸುತ್ತದೆ, ಅದರಲ್ಲಿ ತಕರಾರಿಲ್ಲ. ಚಳಿಗೆಂದು ಹಚ್ಚಿದ ಬೆಂಕಿ ಮಾತ್ರ ಮನೆಯಲ್ಲಿ ಒಬ್ಬರಿಗೇ ಒಲಿಯುತ್ತದೆ. ಉಳಿದವರು ಅದರ ಮುಂದೆ ಎಷ್ಟು ಹೊತ್ತು ಕೂತರೂ ಮುಖದ ಮೇಲೆ ಬೆಳಕು ಬೀಳುತ್ತದೆಯೇ ಹೊರತು ಬೆರಳ ತುದಿಯೂ ಬೆಚ್ಚಗಾಗುವುದಿಲ್ಲ. ಹಾಗಾಗಿ ಒಲಿಸಿಕೊಂಡವರು ಉಳಿದವರಿಗೆ ಬಿಸಿ ಹಂಚಬೇಕು. ಮಕ್ಕಳಿಗೆ ಮಡಿಲು, ದೊಡ್ಡವರಿಗೆ ಕೈ, ಮುದುಕರಿಗೆ ಬೆನ್ನಿಗೆ ಬೆನ್ನು. ಭಾವಂದಿರು ಕೈಗೆ ಟವೆಲ್ ಸುತ್ತಿಕೊಂಡು ಹಿಡಿಯಬೇಕು. ಪ್ರತಿ ಮನೆಯಲ್ಲೂ ಒಬ್ಬರು ಬಿಸಿಯವರು ಇರುತ್ತಾರೆ. ಮದುವೆಯ ಮಾತುಕತೆಗೆ ಹೋದವರು ಮೊದಲು ಕೇಳುವುದೇ "ನಿಮ್ಮಲ್ಲಿ ಬಿಸಿಯವರು ಯಾರು?" ಎಂದು. ಬಿಸಿಯವರು ತೀರಿಕೊಂಡರೆ ಬೆಂಕಿ ಕೆಲವು ದಿನ ಯಾರಿಗೂ ಒಲಿಯದೆ ಸುಮ್ಮನೆ ಉರಿದು, ಆಮೇಲೆ ಇನ್ನೊಬ್ಬರನ್ನು ಹಿಡಿಯುತ್ತದೆ. ಹಿಡಿದ ಮೇಲೆ ಬಿಡುವುದಿಲ್ಲ.

ನಾನು ಕೆಳಗಿನ ಬಯಲುಸೀಮೆಯವಳು. ನಮ್ಮ ಕಡೆ ಬೆಂಕಿಗೆ ಭೇದವಿಲ್ಲ. ಹಚ್ಚಿದರೆ ನಾಯಿಗೂ ಬಿಸಿ, ಗೋಡೆಗೂ ಬಿಸಿ. ಮದುವೆಯಾಗಿ ಇಲ್ಲಿಗೆ ಬಂದಾಗ ಅತ್ತೆ ಬಿಸಿಯವರಾಗಿದ್ದರು. ಎಂಟು ಚಳಿಗಾಲ ಅವರ ಈರುಳ್ಳಿ ವಾಸನೆಯ ಕೈ ಹಿಡಿದು ಕಳೆದೆ. ಅವರು ಹೋದ ಮೇಲೆ ಬೆಂಕಿ ಒಂದು ತಿಂಗಳು ಹಾಗೇ ಉರಿಯಿತು. ಆ ತಿಂಗಳೆಲ್ಲ ನಾನು ಬೆಳಿಗ್ಗೆ ಮುಖ ತೊಳೆದು ಅದರ ಮುಂದೆ ಕೂತಿದ್ದೇ ಕೂತಿದ್ದು. ನಾನಲ್ಲದೆ ಇನ್ಯಾರು? ಬೂದಿ ತೆಗೆಯುವವಳು ನಾನು, ಸೌದೆ ಒಡ್ಡುವವಳು ನಾನು, ಹೊಗೆಗೆ ಕಣ್ಣು ಉರಿಸಿಕೊಳ್ಳುವವಳೂ ನಾನೇ. ಅಷ್ಟರಲ್ಲಿ ಅತ್ತೆಯ ಕೊನೆಯ ಆಸೆ ಎಂದು ಮೈದುನ ಮುರಿಗೆಪ್ಪನ ಮದುವೆಯನ್ನು ಬೇಗ ಮುಗಿಸಿದರು. ಕೆರೆ ಬೀದಿಯ ದಾಕ್ಷಿ, ಒಂದು ಕಡ್ಡಿ ಸೌದೆಯನ್ನೂ ಆ ಬೆಂಕಿಗೆ ಹಾಕದವಳು, ಒಂದು ಲೋಟ ಹಾಲು ಕುಡಿದು ಅದನ್ನು ತನ್ನದು ಮಾಡಿಕೊಂಡಳು.

ಅವತ್ತು ಸಂಜೆಯೇ ನನ್ನ ಮಗಳು ಶಿವಲೀಲ ಅವಳ ಮಡಿಲು ಹತ್ತಿದಳು. ಆಗ ಲೀಲಾಗೆ ಆರು ವರ್ಷ. ಮಗ್ಗಿ ಕಲಿತದ್ದು ಆ ಮಡಿಲಲ್ಲಿ, ಜಡೆ ಹಾಕಿಸಿಕೊಂಡದ್ದು ಆ ಮಡಿಲಲ್ಲಿ. ದಾಕ್ಷಿಗೆ ತನ್ನವೇ ಎರಡು ಗಂಡು ಹುಟ್ಟಿದ ಮೇಲೂ ನನ್ನ ಮಗಳು ಜಾಗ ಬಿಟ್ಟುಕೊಡಲಿಲ್ಲ. ನಾನು ಹಳದಿ ಉಲ್ಲನ್ನಿನ ಸ್ವೆಟರ್ ಹೆಣೆದುಕೊಟ್ಟೆ. "ಯಾಕವ್ವ, ಚಿಕ್ಕವ್ವ ಇದಾಳಲ್ಲ" ಎಂದು ಅದನ್ನು ಗೊಂಬೆಗೆ ಹೊದಿಸಿದಳು. ಗಂಡ ಓಂಕಾರಪ್ಪನವರು ಕೆಲಸದಿಂದ ಬಂದವರೇ ಟವೆಲ್ ಹುಡುಕುತ್ತಿದ್ದರು. ಮುರಿಗೆಪ್ಪ ಸುರಂಗದ ಕೆಲಸಕ್ಕೆ ಹೋಗಿ ಎರಡು ತಿಂಗಳಿಗೊಮ್ಮೆ ಮನೆಗೆ ಬರುವವನು. ಬಂದರೆ ಹೆಂಡತಿಯ ಪಕ್ಕದಿಂದ ಏಳುತ್ತಿರಲಿಲ್ಲ. ಎಲ್ಲರೂ ಅವಳ ಸುತ್ತ. ನಾನೊಬ್ಬಳು ಮಾತ್ರ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಅವಳ ಕೈ ಮುಟ್ಟಲಿಲ್ಲ.

ಅವಳು ಕರೆಯದೆ ಇರಲಿಲ್ಲ. "ಅಕ್ಕ, ಬನ್ನಿ, ಒಂಚೂರು ಬಿಸಿ ತಗೊಳ್ಳಿ" ಎಂದು ಮೊದಲ ಚಳಿಗಾಲವೆಲ್ಲ ಕರೆದಳು. ನಾನು ಪ್ರತಿ ಸಲವೂ ಒಂದೇ ಉತ್ತರ ಕೊಟ್ಟೆ. "ನನಗೆ ಬೇಡಮ್ಮ. ನನ್ನ ಕೋಣೆ ಗೋಡೆ ಬಿಸಿ ಇರ್ತದೆ, ಅದೇ ಸಾಕು." ಅದು ಬರೀ ಬಿಗುಮಾನದ ಮಾತಾಗಿರಲಿಲ್ಲ. ನನ್ನ ಕೋಣೆ ಇರುವುದು ಅಗ್ಗಿಷ್ಟಿಕೆಯ ಬೆನ್ನಿಗೆ. ಸೊಂಟ ನೋವಿನವಳು ನಾನು. ಸಂಜೆ ದೇವರ ದೀಪ ಹಚ್ಚಿ ಬಂದು ಅರ್ಧ ಗಂಟೆ ಕಾಲು ಚಾಚುವುದು ರೂಢಿ. ಆಗ ಗೋಡೆ ಪಕ್ಕದ ನನ್ನ ರಗ್ಗು ಆಗತಾನೇ ಇಸ್ತ್ರಿ ಮಾಡಿದ ಬಟ್ಟೆಯಂತೆ ಬೆಚ್ಚಗಿರುತ್ತಿತ್ತು. ಅದರೊಳಗೆ ಮುದುಡಿಕೊಂಡು, ನನಗೆ ಯಾರ ಹಂಗೂ ಇಲ್ಲ ಎಂದುಕೊಳ್ಳುತ್ತಿದ್ದೆ. ಬಂದ ನೆಂಟರ ಮುಂದೆಯೂ ಹೇಳುತ್ತಿದ್ದೆ. "ನಮ್ಮ ಕೋಣೆ ಗೋಡೆ ಬಿಸಿ ಇರ್ತದೆ ನೋಡಿ" ಎಂದರೆ ಅವರು ದಾಕ್ಷಿಯ ಮುಖ ನೋಡುತ್ತಿದ್ದರು. ಅವಳು ಹೌದೆನ್ನುವಂತೆ ತಲೆ ಆಡಿಸುತ್ತಿದ್ದಳು. ಸದ್ಯ, ಇದೊಂದನ್ನಾದರೂ ಒಪ್ಪಿಕೊಂಡಳಲ್ಲ ಎಂದು ನನಗೆ ಸಮಾಧಾನ.

ಈ ವರ್ಷ ಮೂರು ಸಂಗತಿ ಒಟ್ಟಿಗೆ ಬಂದವು. ಊರಿನ ಸೌದೆ ಡಿಪೋ ಮುಚ್ಚಿತು. ನಮ್ಮ ಅಗ್ಗಿಷ್ಟಿಕೆಯ ಒಳಗಿನ ಇಟ್ಟಿಗೆ ಬಿರುಕು ಬಿಟ್ಟು ಹೊಗೆ ನಡುಮನೆಗೆ ನುಗ್ಗತೊಡಗಿತು. ಮೂರನೆಯದು, ಲೀಲಾ ಬಾಣಂತನಕ್ಕೆ ಬರುವವಳಿದ್ದಳು, ಅದೂ ಕಡು ಚಳಿಯಲ್ಲಿ. ನಮ್ಮ ಊರಿನಲ್ಲಿ ಹಸುಗೂಸನ್ನು ಮೊದಲ ಮೂರು ತಿಂಗಳು ಮನೆಯ ಬಿಸಿಯವರ ಮಡಿಲಿನಿಂದ ಇಳಿಸುವುದಿಲ್ಲ. ತಾಯಿ ಹಾಲು ಕೊಟ್ಟು ಮತ್ತೆ ಅಲ್ಲಿಗೇ ಮಲಗಿಸುತ್ತಾಳೆ. ಅಂದರೆ ನನ್ನ ಮೊದಲ ಮೊಮ್ಮಗು ದಾಕ್ಷಿಯ ಮಡಿಲಲ್ಲಿ ಕಣ್ಣು ಬಿಡುತ್ತದೆ. ಮಗಳನ್ನು ಹಾಗೆ ಕಳೆದುಕೊಂಡಿದ್ದೆ. ಮೊಮ್ಮಗುವನ್ನೂ ಕಳೆದುಕೊಂಡು ಬಾಗಿಲಲ್ಲಿ ನಿಂತು ನೋಡುವ ಶಕ್ತಿ ನನ್ನಲ್ಲಿರಲಿಲ್ಲ. ಆದ್ದರಿಂದ ಗ್ಯಾಸ್ ಅಗ್ಗಿಷ್ಟಿಕೆಯ ಮಾತು ಎತ್ತಿದವಳು ನಾನೇ.

ಗ್ಯಾಸಿಗೆ ಎಲ್ಲರೂ ಒಂದೇ, ಅದು ಮನೆಮಂದಿಯನ್ನೆಲ್ಲ ಕಾಯಿಸುತ್ತದೆ ಎಂದು ಊರಿಗೆ ಅದು ಬಂದ ಮೊದಲ ವರ್ಷ ಹೇಳುತ್ತಿದ್ದರು. ಸುಳ್ಳು. ಅದೂ ಒಬ್ಬರಿಗೇ ಒಲಿಯುತ್ತದೆ. ಆದರೆ ಒಂದು ಅನುಕೂಲವಿದೆ. ಅಂಗಡಿಯಲ್ಲೇ ಹಚ್ಚಿ ನೋಡಬಹುದು. ಗಡಿಯಾರದ ಬೀದಿಯ ಪದ್ಮರಾಜಯ್ಯನವರ ಅಂಗಡಿಯಲ್ಲಿ ಹತ್ತಾರು ಅಗ್ಗಿಷ್ಟಿಕೆಗಳು ಗೋಡೆಗೆ ಸಾಲಾಗಿವೆ, ಒಂದೊಂದರ ಮುಂದೆ ಒಂದೊಂದು ಸ್ಟೂಲು. ಮನೆಯವರೆಲ್ಲ ಸರದಿಯಂತೆ ಕೂತು, ಯಾರಿಗೆ ಒಲಿಯುತ್ತದೋ ನೋಡಿಕೊಂಡು, ಬೇಕಾದರೆ ಕೊಳ್ಳಬಹುದು, ಬೇಡವಾದರೆ ಮುಂದಿನ ಸ್ಟೂಲಿಗೆ ಹೋಗಬಹುದು. ಅಲ್ಲಿ ಒಮ್ಮೆ ಒಲಿದದ್ದು ಮನೆಗೆ ಬಂದ ಮೇಲೆ ಬದಲಾಗುವುದಿಲ್ಲ.

ದಾಕ್ಷಿಯ ತಾಯಿಗೆ ಕಣ್ಣಿನ ಆಪರೇಷನ್ ಆಗಿ ಅವಳು ನಾಲ್ಕು ದಿನದ ಮಟ್ಟಿಗೆ ಕೆರೆ ಬೀದಿಗೆ ಹೋದಳು. ಅವಳು ಅತ್ತ ಹೋದದ್ದೇ ನಾನು ಇತ್ತ ಗಂಡನಿಗೆ ಅಂಗಿ ತೆಗೆದುಕೊಟ್ಟೆ.

"ಅವಳೂ ಬರ್ಲಿ ಕಣೇ," ಎಂದರು ಅವರು. "ಭಾನುವಾರ ಎಲ್ಲ ಸೇರಿ ಹೋಗೋಣ. ಏನವಸರ?"

"ಮಗಳು ಮುಂದಿನ ವಾರ ಬರ್ತಾಳೆ. ಹೊಗೆ ಕುಡಿದುಕೊಂಡು ಬಸುರಿ ಕೂತಿರ್ಲಾ?"

ಅವರು ಅಂಗಿ ಹಾಕಿಕೊಂಡರು. ನನ್ನ ಗಂಡ ಒಳ್ಳೆಯವರು. ಎರಡನೆಯ ಸಲ ಕೇಳುವ ಅಭ್ಯಾಸ ಅವರಿಗಿಲ್ಲ.

ಪದ್ಮರಾಜಯ್ಯನವರು ಕನ್ನಡಕದ ಮೇಲಿಂದ ನಮ್ಮಿಬ್ಬರನ್ನೂ ನೋಡಿದರು. "ಮನೇಲಿ ಮಲಗೋರೆಲ್ಲ ಬಂದಿದೀರ ತಾನೆ? ಹೊರಗಡೆ ಕೆಲಸದಲ್ಲಿರೋರು, ಹಾಸ್ಟೆಲ್ ಮಕ್ಕಳು ಬೇಡ. ದಿನಾ ಮನೇಲಿರೋರು ಎಲ್ಲ ಕೂರ್ಬೇಕು. ಒಬ್ಬರನ್ನ ಬಿಟ್ಟು ಆರಿಸ್ಕೊಂಡು ಹೋಗಿ ಆಮೇಲೆ ಮನೆ ಎರಡು ಪಾಲಾದದ್ದು ನೋಡಿದೀನಿ ನಾನು." ಒಂದು ಹಾಳೆ ಕೊಟ್ಟು ಹೆಸರು ಬರೆಯಲು ಹೇಳಿದರು. ನಾನು ಓಂಕಾರಪ್ಪ ಎಂದು ಬರೆದೆ. ಕೆಳಗೆ ವಿಶಾಲಾಕ್ಷಿ ಎಂದು ಬರೆದೆ. ಮುರಿಗೆಪ್ಪನೂ ಹಾಸ್ಟೆಲಿನಲ್ಲಿರುವ ಅವನ ಇಬ್ಬರು ಮಕ್ಕಳೂ ಲೆಕ್ಕಕ್ಕಿಲ್ಲ. ನನ್ನ ಹೆಸರಿನ ಕೆಳಗೆ ಇನ್ನೊಂದು ಖಾಲಿ ಗೆರೆ ಇತ್ತು. ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮುಚ್ಚಳ ಹಾಕಿ ಕೊಟ್ಟುಬಿಟ್ಟೆ. ಗಂಡ ಹಾಳೆ ನೋಡಿದರು, ನನ್ನನ್ನು ನೋಡಿದರು, ಗಡಿಯಾರದ ಕಡೆ ತಿರುಗಿದರು.

ಮೊದಲನೆಯದು ದೊಡ್ಡದು, ಕಪ್ಪು ಗಾಜಿನ ಬಾಗಿಲಿನದು. ಒಳಗೆ ಮಣ್ಣಿನಿಂದ ಮಾಡಿದ ಸುಳ್ಳು ಕೊರಡುಗಳು, ಅವುಗಳ ಸಂದಿನಲ್ಲಿ ನಿಜವಾದ ಸೌದೆಯಂತೆಯೇ ಆಡುವ ಜ್ವಾಲೆ, ಕೂತಲ್ಲೇ ಹೆಚ್ಚು ಕಡಿಮೆ ಮಾಡಲು ರಿಮೋಟು. ನಾನು ಕೂತೆ, ಏನೂ ಇಲ್ಲ. ಗಂಡ ಕೂತರು. ಕೂತ ಕ್ಷಣದಲ್ಲೇ ಅವರ ಬೋಳುತಲೆ ಬೆವರತೊಡಗಿತು. ಅಂತಹ ನಗೆಯನ್ನು ಅವರ ಮುಖದಲ್ಲಿ ನಾನು ನಮ್ಮ ಮದುವೆಯ ದಿನವೂ ನೋಡಿರಲಿಲ್ಲ. "ವಿಶಾಲು, ಇದೇ ಇರ್ಲಿ," ಎಂದರು. "ನೋಡು, ಎಷ್ಟು ಚೆಂದ ಇದೆ."

"ಗಂಡಸು ಬಿಸಿಯಾಗಿ ಕೂತ್ರೆ ಮೂರು ತಿಂಗಳು ಕೂಸನ್ನ ನೀವು ಮಡಿಲಲ್ಲಿ ಇಟ್ಕೊಂಡಿರ್ತೀರಾ? ಅದರ ಬಟ್ಟೆ ಬದಲಾಯಿಸ್ತೀರಾ? ಏಳಿ ಮೇಲೆ," ಎಂದೆ. ಅವರು ಎದ್ದರು, ಎದ್ದು ಬಂದ ಮೇಲೂ ಎರಡು ಸಲ ತಿರುಗಿ ನೋಡಿದರು. ಅವರಿಗೆ ನಾನು ಮಾಡಿದ್ದು ಅನ್ಯಾಯವೇ. ಆದರೆ ಆ ಹೊತ್ತಿನಲ್ಲಿ ನನಗೆ ಗಂಡನ ಮೇಲೂ ಹೊಟ್ಟೆ ಉರಿಯುತ್ತಿತ್ತು.

ಎರಡನೆಯದು, ಮೂರನೆಯದು, ನಾಲ್ಕನೆಯದು. ಗೋಡೆಯೊಳಗೆ ಹುದುಗಿಸುವಂಥದ್ದು, ಕಾಲಿನ ಮೇಲೆ ನಿಲ್ಲುವಂಥದ್ದು, ಹೊಗೆಕೊಳವೆ ಬೇಕಾದದ್ದು, ಬೇಡವಾದದ್ದು. ಪದ್ಮರಾಜಯ್ಯನವರು ಕೋಣೆಯ ಅಳತೆ, ಹಳೆಯ ಚಿಮಣಿಯಲ್ಲಿ ಊದುಬತ್ತಿಯ ಹೊಗೆ ಮೇಲಕ್ಕೆ ಎಳೆಯುತ್ತದೋ ಇಲ್ಲವೋ, ಸಿಲಿಂಡರ್ ಇಡಲು ಹೊರಗೆ ಜಾಗವಿದೆಯೋ ಎಂದು ಕೇಳುತ್ತಲೇ ಇದ್ದರು. ಗಂಡ ಉತ್ತರ ಕೊಡುತ್ತಿದ್ದರು. ನಾನು ಸ್ಟೂಲಿನಿಂದ ಸ್ಟೂಲಿಗೆ ಹೋಗಿ ಅಂಗೈ ಒಡ್ಡುತ್ತಿದ್ದೆ. ಯಾವುದೂ ನನ್ನನ್ನು ಮುಟ್ಟಲಿಲ್ಲ. ಪಕ್ಕದ ಸಾಲಿನಲ್ಲಿ ಯಾವಳೋ ಎಳೆಯ ಹುಡುಗಿ ಕೂತಲ್ಲೆಲ್ಲ ಕಿಲಕಿಲ ನಗುತ್ತಿದ್ದಳು. ಅವಳಿಗೆ ಮೂರು ಅಗ್ಗಿಷ್ಟಿಕೆ ಒಲಿದು ಯಾವುದನ್ನು ಬಿಡುವುದು ಎಂದು ತಾಯಿಯ ಜೊತೆ ಚರ್ಚೆ ನಡೆದಿತ್ತು. ಅವಳನ್ನು ನೋಡಿ ನನಗೆ ಅಳು ಬಂತು. ಐವತ್ತನಾಲ್ಕು ವರ್ಷದ ಹೆಂಗಸು, ಅಂಗಡಿಯ ನಡುವೆ, ಬೆಂಕಿಯೊಂದು ನನ್ನನ್ನು ಒಪ್ಪಲಿ ಎಂದು ಕೈ ಒಡ್ಡಿ ಕೂತಿದ್ದೆ.

ಮೂಲೆಯಲ್ಲಿ ಗೋಣಿಚೀಲ ಹೊದಿಸಿದ ಒಂದು ಇತ್ತು. "ಅದು ಬೇಡ ತಾಯಿ," ಎಂದರು ಪದ್ಮರಾಜಯ್ಯ. "ವಾಪಸ್ ಬಂದದ್ದು. ಅದರ ಬಿಸಿಯವರು ತೀರಿಕೊಂಡ್ರು, ಆಮೇಲೆ ಆ ಮನೇಲಿ ಯಾರಿಗೂ ಒಲೀಲಿಲ್ಲ. ಎರಡು ವರ್ಷದಿಂದ ಇಲ್ಲೇ ಬಿದ್ದಿದೆ. ಸ್ವಲ್ಪ ಹಟದ್ದು." ನಾನೇ ಹೋಗಿ ಗೋಣಿಚೀಲ ತೆಗೆದೆ. ಸಾಸಿವೆ ಬಣ್ಣದ, ಕುಳ್ಳಗಿನ, ಒಂದು ಮೂಲೆ ನೆಗ್ಗಿದ ಪೆಟ್ಟಿಗೆ. ಕೊರಡೂ ಇಲ್ಲ, ರಿಮೋಟೂ ಇಲ್ಲ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಹಚ್ಚಿದರು. ನಾನು ಕೂತೆ.

ಮೊದಲು ಮೊಣಕಾಲಿಗೆ ಬಂತು. ಆಮೇಲೆ ಹೊಟ್ಟೆಗೆ, ಎದೆಗೆ, ಕಿವಿಯ ಹಿಂದಕ್ಕೆ. ಇಪ್ಪತ್ತೇಳು ವರ್ಷದಿಂದ ಎಲುಬಿನಲ್ಲಿ ಕೂತಿದ್ದ ಚಳಿ ಒಂದೊಂದೇ ಮೆಟ್ಟಿಲು ಇಳಿದು ಹೊರಗೆ ಹೋದದ್ದು ನನಗೆ ತಿಳಿಯಿತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ. ಗಂಡ ಓಡಿ ಬಂದು, "ಸುಟ್ಟಿತಾ?" ಎಂದು ಕೇಳಿದರು. ನಾನು ಅವರ ಕೈ ಹಿಡಿದೆ. ಅವರು ತಮ್ಮ ಕೈಯನ್ನೂ ನನ್ನ ಮುಖವನ್ನೂ ನೋಡುತ್ತ ನಿಂತರು. ಟವೆಲ್ ಇಲ್ಲದೆ ಬಿಸಿ ಹಿಡಿದು ಅವರಿಗೂ ಹತ್ತೊಂಬತ್ತು ವರ್ಷವಾಗಿತ್ತು.

ಮೂರನೆಯ ದಿನ ಕೆಲಸದವರು ಬಂದು ಹಳೆಯ ಅಗ್ಗಿಷ್ಟಿಕೆಯ ಕಬ್ಬಿಣದ ಜಾಲರಿ ಕಿತ್ತು ಅದೇ ಗೂಡಿನಲ್ಲಿ ಸಾಸಿವೆ ಬಣ್ಣದ ಪೆಟ್ಟಿಗೆಯನ್ನು ಕೂರಿಸಿ ಹೋದರು. ನಾಲ್ಕನೆಯ ದಿನ ದಾಕ್ಷಿ ಬಂದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಅಭ್ಯಾಸದಂತೆ ನೇರ ಅದರ ಮುಂದೆ ಹೋಗಿ ಕೂತು ಎರಡೂ ಕೈ ಒಡ್ಡಿದಳು. ಸ್ವಲ್ಪ ಹೊತ್ತು ಹಾಗೇ ಇದ್ದಳು. ಕೈಗಳನ್ನು ಮಗುಚಿ ನೋಡಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಈ ಗಳಿಗೆಗಾಗಿ ಬೆಳಿಗ್ಗೆಯಿಂದ ಕಾದಿದ್ದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

"ಯಾರಿಗೆ ಒಲೀತು ಅಕ್ಕ?"

"ನನಗೆ."

ಅವಳು ತಿರುಗಿದಳು. ನಾನು ಜಗಳಕ್ಕೆ ತಯಾರಾಗಿದ್ದೆ. ನನ್ನನ್ನು ಬಿಟ್ಟು ಯಾಕೆ ಹೋದಿರಿ ಎಂದು ಕೇಳಿದರೆ ಏನು ಹೇಳಬೇಕೆಂದು ಮೂರು ಉತ್ತರ ಇಟ್ಟುಕೊಂಡಿದ್ದೆ. ಅವಳು, "ಒಳ್ಳೇದಾಯ್ತು ಬಿಡಿ. ಲೀಲಾ ಕೂಸಿಗೆ ಅಜ್ಜಿ ಮಡಿಲೇ ಸಿಕ್ಕಿತು," ಎಂದಳು. ಎದ್ದು ಬಂದು ನನ್ನೆದುರು ನಿಂತು, ಹತ್ತೊಂಬತ್ತು ವರ್ಷದಲ್ಲಿ ನನಗೆ ಒಮ್ಮೆಯೂ ಆಗದ್ದನ್ನು ಒಂದೇ ಉಸಿರಿಗೆ ಮಾಡಿದಳು. "ಅಕ್ಕ, ನಡೆದು ಬಂದು ಕೈ ಮರಗಟ್ಟಿದೆ. ಒಂಚೂರು ಬಿಸಿ ಕೊಡಿ."

ಅಷ್ಟು ಸಲೀಸಾಗಿ ಕೇಳಿದಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. "ಕೂಸು ಬರ್ತದಲ್ಲ ದಾಕ್ಷಿ," ಎಂದೆ. "ಅಲ್ಲೀವರೆಗೆ ಬಿಸಿ ಉಳಿಸ್ಕೋಬೇಕು ನಾನು." ಬಿಸಿ ಎನ್ನುವುದು ಕೊಡದಲ್ಲಿ ಹಿಡಿದಿಟ್ಟ ನೀರೋ ಎಂಬಂತೆ. ಈ ಊರಿನಲ್ಲಿ ಹುಟ್ಟಿ ಬೆಳೆದವಳಿಗೆ ಅದು ಎಂಥ ಮಾತು ಎಂದು ತಿಳಿಯದೆ ಇರಲಿಲ್ಲ. "ಹೌದಲ್ಲ," ಎಂದು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದಳು. ಮತ್ತೆ ಕೇಳಲಿಲ್ಲ.

ಅವಳಿಗೆ ಚಳಿಯಲ್ಲಿ ಇರುವುದು ಮರೆತೇಹೋಗಿತ್ತು. ಮದುವೆಯಾದಾಗಿನಿಂದ ಅವಳು ಒಂದು ಶಾಲು ಕೊಂಡವಳಲ್ಲ. ಹೊದೆಯಲು ಹಳೆ ಸೀರೆಯ ತೆಳು ಕೌದಿ ಒಂದೇ. ಎರಡನೆಯ ದಿನ, "ಅಕ್ಕ, ಸ್ವೆಟರ್ ಎಲ್ಲಿ ಚೆನ್ನಾಗಿರೋದು ಸಿಗ್ತದೆ?" ಎಂದು ನನ್ನನ್ನೇ ಕೇಳಿದಳು. ಕೊನೆಗೆ ಹಾಸ್ಟೆಲಿಗೆ ಹೋದ ದೊಡ್ಡ ಮಗನ ಮರೂನ್ ಬಣ್ಣದ ಶಾಲೆಯ ಸ್ವೆಟರನ್ನು ಸೀರೆಯ ಮೇಲೆ ಹಾಕಿಕೊಂಡು ಓಡಾಡತೊಡಗಿದಳು. ಎದೆಯ ಮೇಲೆ ಶಾಲೆಯ ಹೆಸರು, ಕೆಳಗೆ "ವಿದ್ಯೆಯೇ ಬೆಳಕು" ಎಂಬ ದಾರದ ಅಕ್ಷರ. ಅದನ್ನು ನೋಡಿ ನನಗೆ ನಗು ಬರುತ್ತಿತ್ತು. ನಗುತ್ತಿದ್ದೆ ಕೂಡ.

ಲೀಲಾ ಬಂದಳು, ಹದಿನೈದು ದಿನಕ್ಕೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ತಂದ ಕೂಸನ್ನು ಹಿರಿಯರ ಸಾಕ್ಷಿಯಾಗಿ ನನ್ನ ಮಡಿಲಿಗೆ ಹಾಕಿದರು. ಅದು ಒಂದು ಸಲ ಮುಖ ಕಿವುಚಿ, ನನ್ನ ಹೊಟ್ಟೆಗೆ ಒತ್ತಿಕೊಂಡು ನಿದ್ದೆ ಹೋಯಿತು. ಲೀಲಾ ನನ್ನ ಕೈಯನ್ನು ತನ್ನ ಕೆನ್ನೆಗೆ ಇಟ್ಟುಕೊಂಡು, "ಅವ್ವ, ನಿನ್ನ ಕೈ ಇಷ್ಟು ಮೆತ್ತಗಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ," ಎಂದಳು. ಇದನ್ನು ಕೇಳಲು ನಾನು ಒಂದಲ್ಲ, ಹತ್ತು ಹಾಳೆಗಳಲ್ಲಿ ಸುಳ್ಳು ಬರೆಯುತ್ತಿದ್ದೆ.

ಆದರೆ ಬಿಸಿಯವರಾಗಿ ಕೂರುವುದು ಎಂದರೆ ಕೂರುವುದೇ ಎಂದು ನನಗೆ ಯಾರೂ ಹೇಳಿರಲಿಲ್ಲ. ಬೆಂಕಿಯ ಮುಂದಿನಿಂದ ಏಳುವ ಹಾಗಿಲ್ಲ. ಬಲಗೈ ಗಂಡನಿಗೆ, ಎಡಭುಜ 'ಕೂಸು ನೋಡಲು' ಬಂದ ನೆರೆಯವರಿಗೆ, ಮಡಿಲು ಕೂಸಿಗೆ. ಮೂಗು ತುರಿಸಿದರೆ ಲೀಲಾಳನ್ನು ಕರೆಯಬೇಕು. ಬಾಗಿಲಾಚೆ ಏನು ನಡೆದರೂ ನನಗೆ ಸುದ್ದಿಯಾಗಿ ಬರುತ್ತಿತ್ತು. ಹತ್ತೊಂಬತ್ತು ವರ್ಷ ದಾಕ್ಷಿ ಹೀಗೆ ಕೂತಿದ್ದಳು. ಒಂದು ದಿನವೂ ಕಾಲು ಜೋಮು ಹಿಡಿಯಿತು ಎಂದವಳಲ್ಲ. ಈಗ ಅವಳು ಡೇರಿಗೆ ಹೋಗಿ ಹಾಲು ತರುವವಳು, ಸಂತೆಗೆ ಹೋಗುವವಳು, ಕೆರೆ ಏರಿಯ ಮೇಲೆ ಹಿಮ ಬಿದ್ದದ್ದನ್ನು ನೋಡಿ ಬಂದು ಹೇಳುವವಳು. ಅವಳ ಕಾಲುಗಳ ಮೇಲೂ ನನಗೆ ಅಸೂಯೆಯಾಯಿತು.

ಮಗು ಬಂದ ಒಂಬತ್ತನೆಯ ದಿನ ಅವಳು ಹಾಲಿನ ಕ್ಯಾನು ಕೆಳಗಿಟ್ಟು, ಕೈ ಉಜ್ಜಿಕೊಂಡು, "ಒಂದು ಸಲ ಎತ್ಕೊಳ್ಲಾ ಅಕ್ಕ?" ಎಂದಳು. ಕೊಟ್ಟೆ. ಅವಳ ಬೆರಳು ತಗಲಿದ್ದೇ ಕೂಸು ಕಿಟಾರನೆ ಕಿರುಚಿತು. ಅವಳು ತಕ್ಷಣ ಅದನ್ನು ವಾಪಸ್ ನನ್ನ ಮಡಿಲಿಗಿಟ್ಟು ಕೈಗಳನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡಳು. ನನಗೆ ಸಂತೋಷವಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಸಂತೋಷವಾಯಿತು, ಅದು ನಿಜ.

ಅವತ್ತು ಸಂಜೆ ಸೊಂಟ ಹಿಡಿದುಕೊಂಡಿತು. ಹೊಸ ಬೆಂಕಿ ಬಂದಾಗಿನಿಂದ ಅದನ್ನು ಬಿಟ್ಟು ಏಳಲು ಮನಸ್ಸಾಗದೆ ನಾನು ಸಂಜೆ ಮಲಗುವ ರೂಢಿಯನ್ನೇ ಬಿಟ್ಟಿದ್ದೆ. "ಅರ್ಧ ಗಂಟೆ ಕಾಲು ಚಾಚಿ ಬಾ ಅವ್ವ, ಕೂಸು ಹಾಲು ಕುಡೀತಿರ್ತದೆ," ಎಂದು ಲೀಲಾ ಕಳಿಸಿದಳು. ದೇವರ ದೀಪ ಹಚ್ಚಿ, ಕೋಣೆಗೆ ಹೋಗಿ ಗೋಡೆ ಪಕ್ಕ ರಗ್ಗು ಎಳೆದುಕೊಂಡೆ. ಒದ್ದೆ ಬಟ್ಟೆ ಮೈಮೇಲೆ ಬಿದ್ದ ಹಾಗಾಯಿತು. ಗೋಡೆ ಮುಟ್ಟಿದೆ. ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಎದ್ದು ಬಂದೆ.

"ಈ ಗ್ಯಾಸಿಗೆ ತಾಕತ್ತೇ ಇಲ್ಲ," ಎಂದೆ. "ಹಳೇದರಲ್ಲಿ ನನ್ನ ಕೋಣೆ ಗೋಡೆ ಎಷ್ಟು ಬಿಸಿ ಇರ್ತಿತ್ತು."

ಲೀಲಾ ತಲೆ ಎತ್ತಿದಳು. "ಯಾವ ಗೋಡೆ?"

"ಈ ಗೋಡೆಯೇ. ಬೆಂಕಿಯ ಹಿಂದಿನ ಗೋಡೆ."

"ಅವ್ವ, ಚಳಿ ಬೆಂಕಿಗೆ ಈ ಊರಲ್ಲಿ ಯಾವ ಗೋಡೆ ಬಿಸಿ ಆಗ್ತದೆ? ಅದು ಒಬ್ಬರಿಗೇ ಅಲ್ವಾ ಬಿಸಿ?" ನಾನು ತಮಾಷೆ ಮಾಡುತ್ತಿದ್ದೇನೋ ಎಂದು ನನ್ನ ಮುಖ ನೋಡಿದಳು. ತಮಾಷೆಯಲ್ಲ ಎಂದು ತಿಳಿದು ದನಿ ಇಳಿಸಿದಳು. "ನೀನು ದೀಪ ಹಚ್ಚೋಕೆ ಹೋಗ್ತಿದ್ದ ಹಾಗೆ ಚಿಕ್ಕವ್ವ ನನ್ನನ್ನ ಮಡಿಲಿಂದ ಇಳಿಸಿ ಹೋಗಿ ನಿನ್ನ ರಗ್ಗು ಹೊದ್ದು ಮಲಗ್ತಿದ್ಲು. ನೀನು ಗಂಟೆ ಬಾರಿಸಿದ ಕೂಡಲೇ ಎದ್ದು ಬರೋಳು. ದಿನಾ. ನಾನು ಯಾಕೆ ಅಂತ ಕೇಳಿದ್ದಕ್ಕೆ, ನಿಮ್ಮವ್ವ ನನ್ನ ಕೈಯಿಂದ ತಗೊಳಲ್ಲ, ಅವಳಿಗೆ ಹೇಳ್ಬೇಡ ಅಂದ್ಲು. ಅಪ್ಪಂಗೂ ಗೊತ್ತು. ನಾನು, ನಿನಗೂ ಗೊತ್ತಿದ್ದು ಗೊತ್ತಿಲ್ಲದವಳ ಹಾಗೆ ಇದೀಯ ಅಂದ್ಕೊಂಡಿದ್ದೆ."

ಮೊದಲು ಬಂದದ್ದು ಕೋಪ. ನನ್ನ ಹಾಸಿಗೆಯಲ್ಲಿ, ನನ್ನ ರಗ್ಗಿನಲ್ಲಿ, ನನಗೆ ಹೇಳದೆ. ನನಗೆ ಯಾರ ಹಂಗೂ ಇಲ್ಲ ಎಂದು ಬೀಗಿದ ಆ ಅರ್ಧ ಗಂಟೆಯೂ ಅವಳದೇ ಆಗಿತ್ತೆ? ನೆಂಟರ ಮುಂದೆ ನಾನು ಗೋಡೆಯ ಬಿಸಿಯ ಮಾತಾಡುವಾಗ ಅವರು ಅವಳ ಮುಖ ನೋಡುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ಊರಿಗೆಲ್ಲ ಗೊತ್ತಿತ್ತು. ಬಯಲಿನಿಂದ ಬಂದ ಹೆಂಗಸು ಬೆಂಕಿ ಗೋಡೆಯನ್ನೂ ಕಾಯಿಸುತ್ತದೆ ಎಂದು ನಂಬಿದ್ದಾಳೆ ಎಂದು ಎಲ್ಲರೂ ತಿಳಿದು, ನನಗಾಗಿ ಸುಮ್ಮನಿದ್ದರು. ಕೋಪ ಇಳಿದ ಮೇಲೆ ಪದ್ಮರಾಜಯ್ಯನವರ ಹಾಳೆಯ ಖಾಲಿ ಗೆರೆ ಕಣ್ಣ ಮುಂದೆ ಬಂದು ನಿಂತಿತು. ಅದು ಕೋಪಕ್ಕಿಂತ ಕೆಟ್ಟದಾಗಿತ್ತು.

ಕ್ಷಮಿಸು ಎನ್ನಲು ನನಗೆ ಬರುವುದಿಲ್ಲ. ಬಿಸಿ ತಗೋ ಎಂದು ಕರೆಯೋಣವೆಂದರೆ, ಕೇಳಿದಾಗ ಇಲ್ಲವೆಂದವಳು ಈಗ ಯಾವ ಮುಖದಲ್ಲಿ ಕರೆಯಲಿ? ಮರುದಿನ ಸಂಜೆ ದಾಕ್ಷಿ ಹಾಲಿಗೆಂದು ಕ್ಯಾನು ಹಿಡಿದು ಹೋದಳು. ನಾನು ಕೂಸನ್ನು ಲೀಲಾಗೆ ಕೊಟ್ಟು, ಮೈ ಬೆವರುವವರೆಗೆ ಬೆಂಕಿಗೆ ಒಡ್ಡಿಕೊಂಡು, ಹಿತ್ತಿಲ ಕಡೆಯ ಅವಳ ಕೋಣೆಗೆ ಹೋದೆ. ತೆಳು ಕೌದಿ. ದಿಂಬಿನ ಪಕ್ಕದಲ್ಲಿ ಮಕ್ಕಳ ಹಳೆಯ ಕಾಲುಚೀಲ ನಾಲ್ಕು ಜೊತೆ, ಒಂದರೊಳಗೊಂದು ತೂರಿಸಿದ್ದು. ಎಲ್ಲವನ್ನೂ ಒಟ್ಟಿಗೆ ಹಾಕಿಕೊಳ್ಳುತ್ತಿದ್ದಳು ಎಂದು ಕಾಣುತ್ತದೆ. ನಾನು ಕಾಲುಚೀಲಗಳನ್ನು ಎದೆಗೆ ಇಟ್ಟುಕೊಂಡು ಕೌದಿ ಹೊದ್ದು ಮಲಗಿದೆ. ಹಾಸಿಗೆ ನನ್ನ ಮೈಯ ಬಿಸಿ ಹೀರಿದ್ದೇ ಹೀರಿದ್ದು, ಬೇಗ ಕಾಯಲಿಲ್ಲ. ನನ್ನ ಹಾಸಿಗೆಯೂ ಹೀಗೇ ಇದ್ದಿರಬೇಕು. ಗೇಟಿನ ಸದ್ದಾದಾಗ ಎದ್ದು ಕಳ್ಳಿಯಂತೆ ಬಂದು ನನ್ನ ಜಾಗದಲ್ಲಿ ಕೂತೆ. ಹೀಗೆ ಇಪ್ಪತ್ತು ವರ್ಷ ಮಾಡುತ್ತೇನೆ ಎಂದು ಆಗ ನಿರ್ಧರಿಸಿದೆ. ಹತ್ತೊಂಬತ್ತಕ್ಕಿಂತ ಒಂದು ವರ್ಷ ಹೆಚ್ಚು. ಇದರಲ್ಲಾದರೂ ಅವಳನ್ನು ಸೋಲಿಸಬೇಕು.

ಬೆಳಿಗ್ಗೆ ಅವಳು ಕಾಫಿ ತಂದು ನನ್ನ ಪಕ್ಕದಲ್ಲಿಟ್ಟಳು. ನಾನು ಮಗುವಿನ ಕುಲಾವಿ ಸರಿಮಾಡುತ್ತ, ಅವಳ ಕಡೆ ನೋಡದೆ ಕೇಳಿದೆ. "ರಾತ್ರಿ ಚಳಿ ಜೋರಿತ್ತಲ್ಲ?"

"ಇತ್ತಾ ಅಕ್ಕ? ನನಗೆ ಗೊತ್ತಾಗ್ಲೇ ಇಲ್ಲ," ಎಂದಳು ದಾಕ್ಷಿ. "ನನ್ನ ಕೋಣೆ ಗೋಡೆ ಬಿಸಿ ಇರ್ತದೆ. ಅದೇ ಸಾಕು."

ಅವಳ ಕೋಣೆಯ ಗೋಡೆಯ ಆಚೆ ಇರುವುದು ನೀರಿನ ತೊಟ್ಟಿ. ಅದರ ಮೇಲೆ ಕಟ್ಟಿದ ಹೆಪ್ಪನ್ನು ಒಡೆದು ಅವಳು ಆಗತಾನೇ ಒಳಗೆ ಬಂದಿದ್ದಳು. ನಾನು ತಲೆ ಎತ್ತಿ ನೋಡಿದೆ. ಅವಳು ನಗಲಿಲ್ಲ. ಆ ಮಾತನ್ನು ನಾನು ಹತ್ತೊಂಬತ್ತು ವರ್ಷ ತಿಳಿಯದೆ ಆಡಿದ್ದೆ. ಅವಳು ತಿಳಿದು, ಒಂದೇ ಸಲ ಆಡಿ, ಹಿಂದೆ ತಾನು ತಲೆ ಆಡಿಸಿದ ಹಾಗೆ ಈಗ ನಾನು ಆಡಿಸಲು ಅವಕಾಶ ಕೊಟ್ಟು ನಿಂತಿದ್ದಳು. ನಾನು ತಲೆ ಆಡಿಸಲಿಲ್ಲ. ಕೂಸನ್ನು ಎಡಗೈಗೆ ಸರಿಸಿ ಬಲಗೈ ಅವಳ ಕಡೆಗೆ ಹಿಡಿದೆ.

"ಗೋಡೆ ಬಿಸಿ ಸಾಲಲ್ಲ," ಎಂದೆ. "ಕೂತ್ಕೋ ಬಾ."

ಅವಳು ಸ್ವೆಟರಿನ ತೋಳು ಮೇಲೆ ಸರಿಸಿ, ಪಕ್ಕದಲ್ಲಿ ಕೂತು, ನನ್ನ ಕೈಯಲ್ಲಿ ಕೈ ಇಟ್ಟಳು. ಹಾಲಿನ ಕ್ಯಾನಿನ ಹಿಡಿಯಿಂದ ಅಂಗೈಗೆ ಬರೆ ಬಿದ್ದಿತ್ತು. ಬೆರಳು ಮರದ ಕಡ್ಡಿಯ ಹಾಗಿದ್ದವು. ಅಷ್ಟು ಹೊತ್ತಿಗೆ ಲೀಲಾ ಒಳಗಿನಿಂದ ಎದ್ದು ಬಂದಳು, ಕೂದಲು ಕೆದರಿಕೊಂಡು, ಕಂಬಳಿ ಎಳೆದುಕೊಂಡು. ಬೆಂಕಿಯ ಮುಂದೆ ನಾವಿಬ್ಬರೂ ಕೂತಿದ್ದನ್ನು ನೋಡಿದಳು. ಬಂದು ದಾಕ್ಷಿಯ ಆಚೆ ಬದಿಗೆ ಮುದುರಿ ಮಲಗಿ, ಬಿಸಿಯಾದ ನನ್ನ ಕಡೆ ಬೆನ್ನು ಮಾಡಿ, ಆ ತಣ್ಣನೆಯ ಮಡಿಲಲ್ಲಿ ತಲೆ ಇಟ್ಟಳು.

ನನಗೆ ಹೊಟ್ಟೆ ಉರಿಯಿತು. ಕೈ ಮಾತ್ರ ಬಿಡಲಿಲ್ಲ.